ಅರ್ಥವಾಗುತ್ತದೆ ಎನ್ನುವುದೇ ತೊಡಕಾದಾಗ: ಮೇಲ್ಮಟ್ಟದ ಇಟಾಲಿಯನ್ ಕಲಿಕೆಯ ಒಂದು ಪ್ರಕರಣ

ಈ ಪ್ರಕರಣದಲ್ಲಿರುವವರನ್ನು ಸುಮಾ ಎಂದು ಕರೆಯುತ್ತೇನೆ. ಅದು ಅವರ ಹೆಸರಲ್ಲ. ಊರು, ಕಂಪನಿ, ಹುದ್ದೆ ಎಲ್ಲವನ್ನೂ ಗುರುತು ಸಿಗದ ಹಾಗೆ ಮಸುಕುಗೊಳಿಸಿದ್ದೇನೆ. ಅವರು ತಪ್ಪಾಗಿ ಬರೆದ ವಾಕ್ಯಗಳನ್ನು ಮಾತ್ರ, ಅವರನ್ನು ಕೇಳಿಯೇ, ಇದ್ದಂತೆ ಇಟ್ಟಿದ್ದೇನೆ. ಸುಮಾರು ಒಂದೂವರೆ ವರ್ಷ ವಾರಕ್ಕೊಮ್ಮೆ ವಿಡಿಯೊ ಕಾಲ್‌ನಲ್ಲಿ ನಾನು ಅವರಿಗೆ ಇಟಾಲಿಯನ್ ಹೇಳಿಕೊಟ್ಟೆ. ಮೊದಲ ಕೆಲವು ತಿಂಗಳು ನಾನು ಕಲಿಸಿದ್ದರಲ್ಲಿ ಬಹುಪಾಲು ಅವರಿಗೆ ಬೇಕಿರಲಿಲ್ಲ. ಅದೂ ಇಲ್ಲಿ ಬರುತ್ತದೆ.

ಹಿನ್ನೆಲೆ

ಸುಮಾ ನಲವತ್ತು ದಾಟಿದವರು. ಮನೆಮಾತು ಕನ್ನಡ, ಓದಿದ್ದೆಲ್ಲ ಇಂಗ್ಲಿಷ್‌ನಲ್ಲಿ. ಇಟಲಿಯ ಎಮಿಲಿಯಾ ಭಾಗದಲ್ಲಿ ಯಂತ್ರ ತಯಾರಿಸುವ ಕಂಪನಿಯೊಂದರ ಗುಣಮಟ್ಟ ವಿಭಾಗದಲ್ಲಿ ಕೆಲಸ. ನನ್ನ ಹತ್ತಿರ ಬಂದಾಗ ಇಟಲಿಗೆ ಹೋಗಿ ಒಂಬತ್ತು ವರ್ಷವಾಗಿತ್ತು. ಮೊದಲ ಮೂರು ವರ್ಷ ಸಂಜೆ ತರಗತಿಗೆ ಹೋಗಿ, ಎ1ರಿಂದ ಸಿ2ವರೆಗೆ ಆರು ಮೆಟ್ಟಿಲುಗಳಿರುವ ಯುರೋಪಿನ ಭಾಷಾ ಅಳತೆಯಲ್ಲಿ ನಾಲ್ಕನೆಯದಾದ ಬಿ2 ಮಟ್ಟದ ಪರೀಕ್ಷೆ ಪಾಸು ಮಾಡಿದ್ದರು. ಆಮೇಲಿನ ಆರು ವರ್ಷ ಅಲ್ಲೇ ನಿಂತಿದ್ದರು.

ಹಾಗೆ ನಿಲ್ಲುವುದು ಸೋಮಾರಿತನವಲ್ಲ. ಇಟಲಿಯಲ್ಲಿ ದೀರ್ಘಾವಧಿ ವಾಸದ ಪರವಾನಗಿಗೆ ಎ2 ಸಾಕು. ಪೌರತ್ವಕ್ಕೆ, 2018ರ ಡಿಸೆಂಬರ್‌ನಲ್ಲಿ ಬಂದ ಕಾನೂನಿನ ಪ್ರಕಾರ, ಬಿ1 ಬೇಕು. ಅದಕ್ಕಿಂತ ಮೇಲೆ ಹೋಗಿ ಎಂದು ಸರಕಾರ ಕೇಳುವುದಿಲ್ಲ, ಅಂಗಡಿಯವರು ಕೇಳುವುದಿಲ್ಲ, ಮನೆ ಮಾಲೀಕರೂ ಕೇಳುವುದಿಲ್ಲ. ಭಾಷಾವಿಜ್ಞಾನಿ ತುಲ್ಲಿಯೊ ದೆ ಮೌರೊ 1980ರಲ್ಲಿ ಇಟಾಲಿಯನ್ನಿನ ಮೂಲ ಶಬ್ದಗಳ ಪಟ್ಟಿ ಮಾಡಿದಾಗ ಅದರ ತಿರುಳಿನಲ್ಲಿ ಇಟ್ಟದ್ದು ಸುಮಾರು 2000 ಶಬ್ದಗಳನ್ನು. ದಿನದ ಮಾತಿನಲ್ಲಿ ತಿರುಗಿ ತಿರುಗಿ ಬರುವುದು ಅವೇ. ಅಷ್ಟು ಶಬ್ದ ಸುಮಾ ಅವರ ಕೈಯಲ್ಲಿ ಯಾವತ್ತೋ ಇತ್ತು. ಬೆಳಗ್ಗೆಯಿಂದ ಸಂಜೆವರೆಗೆ ಎಲ್ಲರಿಗೂ ಎಲ್ಲವೂ ಅರ್ಥವಾಗುತ್ತಿತ್ತು.

ತೊಡಕಾದದ್ದು ಇದೇ. ಹೊಸಬರು ತಪ್ಪು ಮಾಡಿದರೆ ಎದುರಿನವರ ಹುಬ್ಬು ಮೇಲೇರುತ್ತದೆ, ನಾವು ತಿದ್ದಿಕೊಳ್ಳುತ್ತೇವೆ. ಚೆನ್ನಾಗಿ ಮಾತಾಡುವವರು ತಪ್ಪು ಮಾಡಿದರೆ ಎದುರಿನವರು ಮನಸ್ಸಿನಲ್ಲೇ ಸರಿಮಾಡಿಕೊಂಡು ಮುಂದೆ ಹೋಗುತ್ತಾರೆ.

ಸಿಕ್ಕಿಕೊಂಡದ್ದು ಎಲ್ಲಿ

ಗ್ರಾಹಕರ ದೂರುಗಳಿಗೆ ಉತ್ತರಿಸುವ ಕೆಲಸವನ್ನು ಸುಮಾ ಅವರಿಗೆ ಒಪ್ಪಿಸುವ ಮಾತು ಬಂತು. ಯಂತ್ರದ ವಿಷಯ ಅವರಷ್ಟು ಚೆನ್ನಾಗಿ ಗೊತ್ತಿದ್ದವರು ವಿಭಾಗದಲ್ಲಿ ಬೇರೆ ಇರಲಿಲ್ಲ. ಮೊದಲ ತಿಂಗಳಲ್ಲೇ ಒಂದು ಹಳೆಯ ಗ್ರಾಹಕರಿಗೆ ಬರೆದ ಮೇಲ್ ಎಡವಟ್ಟಾಯಿತು. ಕೊನೆಯ ಸಾಲು ಹೀಗಿತ್ತು: ‘ಮಿ ಅಸ್ಪೆತ್ತೊ ಊನಾ ರಿಸ್ಪೊಸ್ತಾ ಎಂತ್ರೊ ವೆನೆರ್ದಿ.’

ಸುಮಾ ಹೇಳಹೊರಟದ್ದು ‘ಶುಕ್ರವಾರದೊಳಗೆ ನಿಮ್ಮ ಉತ್ತರಕ್ಕೆ ಕಾಯುತ್ತಿರುತ್ತೇನೆ’ ಎಂದು. ‘ಅಸ್ಪೆತ್ತೊ’ ಅಂದರೆ ಕಾಯುತ್ತೇನೆ. ಅದರ ಮುಂದೆ ‘ಮಿ’ ಕೂತ ಕೂಡಲೇ ಕ್ರಿಯಾಪದವೇ ಬೇರೆಯಾಗುತ್ತದೆ. ಆಗ ಅದು ‘ಉತ್ತರ ಬರುತ್ತದೆ ಎಂದು ಎಣಿಸಿದ್ದೇನೆ’, ಅಂದರೆ ಹೆಚ್ಚುಕಡಿಮೆ ‘ಬರಲೇಬೇಕು’. ತಪ್ಪು ಮಾಡಿದ್ದು ತನ್ನ ಕಂಪನಿ, ದೂರು ಕೊಟ್ಟದ್ದು ಗ್ರಾಹಕ, ಅವರ ಮೇಲೇ ಗಡುವು. ಅದೇ ಮೇಲ್‌ನಲ್ಲಿ ಇನ್ನೊಂದು ಕಡೆ ‘ಎವೆಂತ್ವಾಲ್ಮೆಂತೆ ಹೊಸ ಬಿಡಿಭಾಗ ಕಳಿಸುತ್ತೇವೆ’ ಎಂದಿತ್ತು. ಇಂಗ್ಲಿಷ್‌ನ ‘ಇವೆಂಚುಅಲಿ’ ತಲೆಯಲ್ಲಿತ್ತು, ‘ಕೊನೆಗೆ ಕಳಿಸಿಯೇ ಕಳಿಸುತ್ತೇವೆ’ ಎಂಬ ಭರವಸೆ ಅವರ ಉದ್ದೇಶ. ಇಟಾಲಿಯನ್ನಿನಲ್ಲಿ ಆ ಪದಕ್ಕೆ ‘ಅಗತ್ಯ ಬಿದ್ದರೆ’ ಎಂದರ್ಥ. ಗ್ರಾಹಕರು ಓದಿಕೊಂಡದ್ದು ಇಷ್ಟು: ನೀವು ಶುಕ್ರವಾರದೊಳಗೆ ಉತ್ತರ ಕೊಡಲೇಬೇಕು, ಬಿಡಿಭಾಗದ ವಿಷಯ ನಾವು ಬೇಕಿದ್ದರೆ ನೋಡುತ್ತೇವೆ.

ವ್ಯಾಕರಣದ ಪುಸ್ತಕ ಹಿಡಿದು ನೋಡಿದರೆ ಈ ಮೇಲ್‌ನಲ್ಲಿ ಒಂದೂ ತಪ್ಪಿಲ್ಲ. ಮ್ಯಾನೇಜರ್ ಗದರಲಿಲ್ಲ. ‘ಕಳಿಸುವ ಮುಂಚೆ ಒಮ್ಮೆ ಯಾರಿಗಾದರೂ ತೋರಿಸಿ’ ಎಂದರು. ಅಂದಿನಿಂದ ಪಕ್ಕದ ಮೇಜಿನ ಗೆಳತಿಯೊಬ್ಬಳು ಸುಮಾ ಅವರ ಪ್ರತಿ ಮೇಲ್ ತಿದ್ದಿ ಕೊಡತೊಡಗಿದಳು. ಅದು ಎರಡು ವರ್ಷ ನಡೆಯಿತು. ‘ಮೇಡಂ, ಶಾಲೆಯಲ್ಲಿ ಕಾಪಿ ತೋರಿಸಿ ಸಹಿ ಹಾಕಿಸಿಕೊಂಡ ಹಾಗೆ’ ಎಂದು ನನಗೆ ಮೊದಲ ದಿನವೇ ಹೇಳಿದ್ದರು. ಆ ದಿನ ಅವರ ದನಿಯಲ್ಲಿದ್ದ ಅವಮಾನವನ್ನು ನಾನು ಗಮನಿಸಿದೆ. ಆದರೆ ತಿದ್ದಿದ ಮೇಲ್‌ಗಳು ಎಲ್ಲಿವೆ ಎಂದು ಕೇಳಲು ಹೊಳೆಯಲಿಲ್ಲ.

ಮಾಡಿ ನೋಡಿದ್ದು

ನನ್ನ ಹತ್ತಿರ ಬರುವ ಮುಂಚೆ ಅವರು ಎಲ್ಲರೂ ಮಾಡುವುದನ್ನೆಲ್ಲ ಮಾಡಿದ್ದರು. ಹಳೆಯ ವ್ಯಾಕರಣ ಪುಸ್ತಕವನ್ನು ಮೂರನೆಯ ಸಲ ಮೊದಲಿನಿಂದ ಓದಿದ್ದರು. ಟಿವಿ ಧಾರಾವಾಹಿಗಳನ್ನು ಅಡಿಬರಹ ಹಾಕಿಕೊಂಡು ನೋಡಿದ್ದರು. ಕಿವಿ ಚುರುಕಾಯಿತು, ಕೈ ಚುರುಕಾಗಲಿಲ್ಲ. ವಾರಕ್ಕೊಮ್ಮೆ ಒಬ್ಬರ ಜೊತೆ ಮಾತಿನ ವಿನಿಮಯ, ಅವರಿಗೆ ಇವರು ಇಂಗ್ಲಿಷ್, ಇವರಿಗೆ ಅವರು ಇಟಾಲಿಯನ್. ಒಂದು ವರ್ಷವಾಗುವಷ್ಟರಲ್ಲಿ ಸುಮಾ ಇನ್ನೂ ವೇಗವಾಗಿ ಮಾತಾಡುತ್ತಿದ್ದರು, ಅವೇ ತಪ್ಪುಗಳನ್ನು.

ಆಮೇಲೆ ಸಿ1 ತರಗತಿಗೆ ಸೇರಿ ಪರೀಕ್ಷೆ ಕಟ್ಟಿದರು. ಇಟಾಲಿಯನ್ನಿಗೆ ಒಂದಕ್ಕಿಂತ ಹೆಚ್ಚು ಪ್ರಮಾಣಪತ್ರಗಳಿವೆ. ಪೆರುಜಾದ ವಿದೇಶಿಯರ ವಿಶ್ವವಿದ್ಯಾಲಯದ ಚೆಲಿ ಇದೆ, 1889ರಲ್ಲಿ ಹುಟ್ಟಿದ ದಾಂತೆ ಅಲಿಗಿಯೇರಿ ಸೊಸೈಟಿಯ ಪ್ಲಿದಾ ಇದೆ, ಸಿಯೆನಾದ ವಿದೇಶಿಯರ ವಿಶ್ವವಿದ್ಯಾಲಯದ ಚಿಲ್ಸ್ ಇದೆ. ಸುಮಾ ಆರಿಸಿಕೊಂಡದ್ದು ಚಿಲ್ಸ್. ಅದರಲ್ಲಿ ಐದು ಭಾಗ: ಕೇಳುವುದು, ಓದುವುದು, ಭಾಷೆಯ ರಚನೆ, ಬರೆಯುವುದು, ಮಾತಾಡುವುದು. ಒಂದೊಂದಕ್ಕೆ 20 ಅಂಕ, ಒಂದೊಂದರಲ್ಲೂ ಕನಿಷ್ಠ 11 ಬೇಕು. ಸುಮಾ ಅವರಿಗೆ ಒಟ್ಟು 65 ಬಂತು, ಆದರೆ ಬರವಣಿಗೆಯಲ್ಲಿ 9. ಫೇಲು. ಈ ಪರೀಕ್ಷೆಯ ಒಂದು ಒಳ್ಳೆಯ ಗುಣವೆಂದರೆ ಪಾಸಾದ ಭಾಗಗಳು ನಿಗದಿತ ಅವಧಿಯವರೆಗೆ ಉಳಿಯುತ್ತವೆ, ಬಿದ್ದ ಭಾಗವನ್ನಷ್ಟೇ ಮತ್ತೆ ಬರೆಯಬಹುದು. ಆ ಒಂದು ಭಾಗವನ್ನು ದಾಟಿಸಿ ಎಂದು ಅವರು ನನ್ನ ಹತ್ತಿರ ಬಂದರು.

ಇಲ್ಲಿಂದ ನನ್ನ ತಪ್ಪು ಶುರು. ಸಿ1 ಎಂದ ಕೂಡಲೇ ನಮ್ಮಂಥ ಕಲಿಸುವವರ ತಲೆಯಲ್ಲಿ ಎರಡು ವಿಷಯ ಏಳುತ್ತವೆ. ಒಂದು ಕೊಂಜುಂತಿವೊ, ಅಂದರೆ ಅನಿಸಿಕೆ, ಅನುಮಾನ, ಆಸೆಗಳಿಗೆ ಇಟಾಲಿಯನ್ ಇಟ್ಟುಕೊಂಡಿರುವ ಬೇರೆಯದೇ ಕ್ರಿಯಾರೂಪ. ಇನ್ನೊಂದು ವಾಕ್ಯ ಜೋಡಿಸುವ ಗಂಭೀರ ಪದಗಳು. ನಾನು ಸುಮಾ ಅವರಿಗೆ ಒಂದು ಉದ್ದದ ಪಟ್ಟಿ ಕೊಟ್ಟೆ: ತುತ್ತವಿಯಾ (ಆದಾಗ್ಯೂ), ಪೆರ್ತಾಂತೊ (ಆದಕಾರಣ), ಬೆಂಕೆ (ಆದರೂ ಸಹ), ಕ್ವಲೋರಾ (ಒಂದು ವೇಳೆ) ಇತ್ಯಾದಿ. ಪಟ್ಟಿಯಲ್ಲಿದ್ದ ಪ್ರತಿಯೊಂದೂ ಸರಿಯಾದ ಪದ. ಸುಮಾ ಶ್ರದ್ಧೆಯ ವಿದ್ಯಾರ್ಥಿ. ಎರಡೇ ವಾರದಲ್ಲಿ ಅವೆಲ್ಲ ಅವರ ಮೇಲ್‌ಗಳೊಳಗೆ ಬಂದು ಕೂತವು. ಒಂದು ಸ್ಕ್ರೂ ಸಡಿಲವಾಗಿದೆ ಎಂಬ ಸುದ್ದಿಗೆ ‘ಕ್ವಲೋರಾ’ ಹಾಕಿ ಬರೆದರು. ಪಕ್ಕದ ಮೇಜಿನ ಗೆಳತಿ ಓದಿ ನಕ್ಕುಬಿಟ್ಟಳು: ‘ಸೆಂಬ್ರಿ ಉನ್ ನೊತಾಯೊ!’ ನೋಂದಣಿ ಪತ್ರ ಬರೆಯುವ ನೋಟರಿ ಥರ ಇದ್ದೀಯಲ್ಲೇ, ಎಂದು.

ಅದಕ್ಕೆ ಇನ್ನೂ ಒಂದು ಕಾರಣವಿತ್ತು. ಅದು ನನ್ನ ಪಟ್ಟಿಯದಲ್ಲ, ಕನ್ನಡದ್ದು. ನಾವು ‘ಬಂದು, ನೋಡಿ, ಬಿಚ್ಚಿ, ಸರಿಮಾಡಿ ಹೋದರು’ ಎಂದು ಒಂದೇ ಉಸಿರಿನಲ್ಲಿ ಪೋಣಿಸುತ್ತೇವೆ. ಇಟಾಲಿಯನ್ನಿನಲ್ಲಿ ಆ ಕೆಲಸಕ್ಕೆ ಜೆರುಂದಿಯೊ ಎಂಬ ರೂಪವಿದೆ. ಸುಮಾ ಅದನ್ನು ಕಂಡ ಕಡೆಯೆಲ್ಲ ಹಾಕುತ್ತಿದ್ದರು. ‘ಎಸ್ಸೆಂದೊ’, ‘ಅವೆಂದೊ’ ಎಂದು ಸಾಲುಸಾಲಾಗಿ ಬಂದರೆ ಇಟಾಲಿಯನ್ ಕಿವಿಗೆ ಅದು ಪೊಲೀಸ್ ಠಾಣೆಯ ಹೇಳಿಕೆಯ ಹಾಗೆ ಕೇಳುತ್ತದೆ. ಕತೆಗಾರ ಇತಾಲೊ ಕಾಲ್ವಿನೊ 1965ರಲ್ಲಿ ಪತ್ರಿಕೆಯೊಂದಕ್ಕೆ ಬರೆದ ಲೇಖನದಲ್ಲಿ ಇಂಥ ಕಚೇರಿ ಭಾಷೆಗೆ ‘ಅಂತಿಲಿಂಗ್ವಾ’ ಎಂದು ಹೆಸರಿಟ್ಟಿದ್ದರು. ಭಾಷೆಗೇ ಎದುರಾಗಿ ನಿಂತ ಭಾಷೆ ಎಂಬ ಅರ್ಥದಲ್ಲಿ. ಇಟಾಲಿಯನ್ನರು ಸ್ವತಃ ಓಡಿಸಲು ಹೆಣಗುತ್ತಿರುವ ಶೈಲಿಯನ್ನು ನಾನು ಸಿ1 ಎಂದು ಕಲಿಸುತ್ತಿದ್ದೆ.

ಪಟ್ಟಿಯನ್ನು ಕೈಬಿಟ್ಟೆವು. ಅದರ ಜಾಗಕ್ಕೆ ಏನು ಎಂದು ನನಗೂ ಗೊತ್ತಿರಲಿಲ್ಲ.

ತಿರುವು

ದಾರಿ ತೋರಿಸಿದ್ದು ಒಂದು ಪತ್ರಿಕಾ ವರದಿ. ಸುಮಾ ಅವರ ಕಂಪನಿಗೆ ಬಿಡಿಭಾಗ ಪೂರೈಸುವ ಸಂಸ್ಥೆಯೊಂದರ ಬಗ್ಗೆ ಸ್ಥಳೀಯ ಪತ್ರಿಕೆಯಲ್ಲಿ ಸುದ್ದಿ ಬಂದಿತ್ತು. ಶೀರ್ಷಿಕೆಯಲ್ಲಿ ‘ಅವ್ರೆಬ್ಬೆ ಕ್ಯೂಸೊ’ ಎಂದಿತ್ತು. ‘ಮುಚ್ಚು’ ಎಂಬುದರ ಕೊಂದಿತ್ಸಿಯೊನಾಲೆ, ಅಂದರೆ ‘ಹೀಗಾಗಿದ್ದರೆ ಹಾಗಾಗುತ್ತಿತ್ತು’ ಎನ್ನಲು ಬಳಸುವ ಕ್ರಿಯಾರೂಪ. ಸುಮಾ ಬೆಳಗಿನ ಮೀಟಿಂಗ್‌ನಲ್ಲಿ ಎಲ್ಲರಿಗೂ ಸಮಾಧಾನ ಹೇಳಿದರು: ಅವರು ಕಾರ್ಖಾನೆ ಮುಚ್ಚುವವರಿದ್ದರು, ಆದರೆ ಮುಚ್ಚಿಲ್ಲ. ಮೀಟಿಂಗ್‌ನಲ್ಲಿ ಎರಡು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬರು ಮೆಲ್ಲಗೆ, ಅದು ಹಾಗಲ್ಲ, ಮುಚ್ಚಿರಬೇಕು ಎಂದೇ ಸುದ್ದಿ, ಎಂದರು.

ಆ ವಾರದ ಪಾಠದಲ್ಲಿ ಸುಮಾ ಇದನ್ನು ಹೇಳುತ್ತ ಅಳುವ ಹಾಗಾದರು. ‘ಕೊಂದಿತ್ಸಿಯೊನಾಲೆ ನನಗೆ ಗೊತ್ತು ಮೇಡಂ, ಪರೀಕ್ಷೆಯಲ್ಲಿ ಅದರದ್ದೆಲ್ಲ ಸರಿ ಬರೆದಿದ್ದೆ. ಇದು ಹೇಗೆ ತಪ್ಪಿತು?’

ತಪ್ಪಿದ್ದು ಹೇಗೆಂದು ನೋಡಿದರೆ, ಅವರು ಆ ಎರಡು ಪದವನ್ನು ಮೊದಲು ಇಂಗ್ಲಿಷ್‌ಗೆ ತಿರುಗಿಸಿಕೊಂಡಿದ್ದರು. ಅಲ್ಲಿ ಅದು ‘ಮುಚ್ಚುತ್ತಿತ್ತು, ಆದರೆ…’ ಎಂಬ ಅರ್ಥಕ್ಕೆ ಹೊರಳಿತು. ಇಟಾಲಿಯನ್ ಪತ್ರಿಕೆಗಳು ಈ ರೂಪವನ್ನು ಬೇರೆ ಕೆಲಸಕ್ಕೆ ಬಳಸುತ್ತವೆ. ಸುದ್ದಿ ಹೀಗೆ ಬಂದಿದೆ, ಖಚಿತತೆಯ ಹೊಣೆ ನಮ್ಮದಲ್ಲ ಎನ್ನಲು. ನಾನು ವಿವರಿಸುತ್ತ ಹೋದೆ, ಸುಮಾ ತಲೆಯಾಡಿಸುತ್ತ ಹೋದರು. ಇಬ್ಬರಿಗೂ ಅದು ಒಳಗೆ ಇಳಿಯುತ್ತಿಲ್ಲ ಎಂದು ಗೊತ್ತಾಗುತ್ತಿತ್ತು. ಕೊನೆಗೆ ನಾನು, ಬೇರೇನೂ ತೋಚದೆ, ‘ಈಗ ಈ ಸುದ್ದಿಯನ್ನು ನಿಮ್ಮ ಅಮ್ಮನಿಗೆ ಫೋನಿನಲ್ಲಿ ಹೇಗೆ ಹೇಳುತ್ತೀರಿ?’ ಎಂದೆ.

‘ಕಾರ್ಖಾನೆ ಮುಚ್ಚಿದಾರಂತೆ ಅಂತೀನಿ.’

ಹೇಳಿದವರು ಅಲ್ಲೇ ನಿಂತರು. ಅಂತೆ. ನಾವು ದಿನಕ್ಕೆ ನೂರು ಸಲ ಬಳಸುವ ‘ಅಂತೆ’. ಕಣ್ಣಾರೆ ಕಂಡದ್ದಲ್ಲ, ಕೇಳಿದ್ದು, ನಿಜವೋ ಸುಳ್ಳೋ ನಾನು ಹೊಣೆಯಲ್ಲ ಎನ್ನುವುದೆಲ್ಲ ಆ ಎರಡಕ್ಷರದಲ್ಲಿದೆ. ಅದೇ ಹೊತ್ತಿಗೆ ಮೂರು ನಾಲ್ಕು ಪತ್ರಿಕೆಯ ಶೀರ್ಷಿಕೆಗಳನ್ನು ತೆರೆದು ಓದಿಸಿದೆ. ‘ಅಂತೆ’ ಹಾಕಿಕೊಂಡು ತಡೆಯಿಲ್ಲದೆ ಹೇಳಿಬಿಟ್ಟರು.

ಆರು ವರ್ಷ ಅವರಿಗೆ ತಮ್ಮ ಇಟಾಲಿಯನ್ ನೋಡಿಕೊಳ್ಳಲು ಕನ್ನಡಿ ಇರಲಿಲ್ಲ ಎಂದಲ್ಲ. ಇದ್ದ ಕನ್ನಡಿ ಇಂಗ್ಲಿಷ್, ಅದರಲ್ಲಿ ಕೆಲವು ಮೂಲೆಗಳು ಕಾಣುವುದೇ ಇಲ್ಲ. ‘ಎವೆಂತ್ವಾಲ್ಮೆಂತೆ’ ಕೂಡ ಅದೇ ಕತ್ತಲ ಮೂಲೆಯದು. ಉಚ್ಚಾರಣೆಯಲ್ಲೂ ಇದರ ಸುಳಿವು ಮೊದಲೇ ಇತ್ತು, ನಾನು ಹಿಡಿದಿರಲಿಲ್ಲ ಅಷ್ಟೆ. ‘ಎಲ್ಲ’ ಎಂಬರ್ಥದ ಪದವನ್ನು ಸುಮಾ ‘ಟುಟ್ಟೊ’ ಎನ್ನುತ್ತಿದ್ದರು. ಇಟಾಲಿಯನ್ನಿನದು ನಾಲಿಗೆ ಹಲ್ಲಿಗೆ ತಾಗುವ ತ, ದ. ನಮ್ಮ ಬಾಯಲ್ಲಿ ಹುಟ್ಟಿನಿಂದ ಇರುವುದು. ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡದ್ದಕ್ಕೆ ಟ, ಡ ಆಗಿತ್ತು. ಕನ್ನಡದಲ್ಲಿ ‘ತುತ್ತೊ’ ಎಂದು ಬರೆದುಕೊಂಡ ದಿನವೇ ಸರಿಹೋಯಿತು. ಒತ್ತಕ್ಷರವೂ ಹಾಗೆಯೇ. ‘ಕಪೆಲ್ಲೊ’ ಕೂದಲು, ‘ಕಪ್ಪೆಲ್ಲೊ’ ಟೋಪಿ. ಬೇರೆ ದೇಶದ ಕಲಿಕೆಯವರು ಈ ವ್ಯತ್ಯಾಸಕ್ಕೆ ವರ್ಷಗಟ್ಟಲೆ ಒದ್ದಾಡುತ್ತಾರೆ. ಕತೆಗೂ ಕತ್ತೆಗೂ ವ್ಯತ್ಯಾಸ ಗೊತ್ತಿರುವವರಿಗೆ ಅದೇನು ದೊಡ್ಡ ವಿಷಯ.

ಕನ್ನಡಿ ಬದಲಿಸಿದ ಮೇಲೆ

ಮುಂದಿನ ಎರಡು ತಿಂಗಳು ನಾವು ಮಾಡಿದ್ದು ಒಂದು ರೀತಿಯ ಹುಡುಕಾಟ. ಅವರು ಅರ್ಧಂಬರ್ಧ ಬಳಸುತ್ತಿದ್ದ ರಚನೆಗಳನ್ನು ಕನ್ನಡದ ಆಡುಮಾತಿನ ಪಕ್ಕ ಇಟ್ಟು ನೋಡುವುದು. ಕೆಲವು ಕಡೆ ಎರಡೂ ಬೆರಗಾಗುವಷ್ಟು ಹೊಂದಿಕೊಂಡವು.

‘ಮಿ ಪ್ಯಾಚೆ’, ‘ಮಿ ಸೆರ್ವೆ’, ‘ಮಿ ಸೆಂಬ್ರಾ’. ನನಗೆ ಇಷ್ಟ, ನನಗೆ ಬೇಕು, ನನಗೆ ಅನಿಸುತ್ತದೆ. ‘ನಾನು’ ಅಲ್ಲ, ‘ನನಗೆ’. ಇಂಗ್ಲಿಷ್‌ನಿಂದ ಬರುವವರಿಗೆ ಇಲ್ಲಿ ವಾಕ್ಯ ತಲೆಕೆಳಗಾಗುತ್ತದೆ, ನಮಗೆ ನೆಟ್ಟಗೇ ಇದೆ. ‘ಒ ಫಾತ್ತೊ ರಿಪರಾರೆ’ ಎಂದರೆ ರಿಪೇರಿ ಮಾಡಿಸಿದೆ. ನಮ್ಮ ‘ಇಸು’ ಪ್ರತ್ಯಯದ ಕೆಲಸವನ್ನು ಅಲ್ಲಿ ‘ಫಾರೆ’ ಕ್ರಿಯಾಪದ ಮಾಡುತ್ತದೆ. ಇನ್ನು ‘ಮಿ ಸೋನೊ ಫಾತ್ತಾ ಉನ್ ಕಫ್ಫೆ’. ಈ ವಾಕ್ಯದಲ್ಲಿ ‘ಮಿ’ ಯಾಕಿದೆ ಎಂದು ಸುಮಾ ಒಂಬತ್ತು ವರ್ಷದಿಂದ ಕೇಳಿಕೊಳ್ಳುತ್ತಿದ್ದರಂತೆ. ಕಾಫಿ ಮಾಡಿದೆ ಅಲ್ಲ, ಕಾಫಿ ಮಾಡ್ಕೊಂಡೆ. ‘ಕೊಳ್ಳು’ ಹೇಗೆ ಕೆಲಸವನ್ನು ಮಾಡಿದವರ ಕಡೆಗೇ ತಿರುಗಿಸುತ್ತದೋ ಆ ‘ಮಿ’ ಕೂಡ ಹಾಗೆ. ಇದು ಹೊಳೆದ ದಿನ ಪಾಠ ಮುಗಿದ ಮೇಲೂ ಅವರು ಫೋನಿನಲ್ಲಿ ಉದಾಹರಣೆಗಳನ್ನು ಕಳಿಸುತ್ತಲೇ ಇದ್ದರು.

ಗೌರವದ ವಿಷಯದಲ್ಲೂ ಒಂದು ಬೆಳಕು ಬಿತ್ತು. ಇಟಾಲಿಯನ್ನಿನ ‘ತೂ’ ನಮ್ಮ ನೀನು, ‘ಲೇಯಿ’ ನಮ್ಮ ನೀವು. ಇಷ್ಟು ಮೊದಲ ವಾರದ ಪಾಠ. ಆದರೆ ‘ಲೇಯಿ’ ಎಂದು ಶುರುಮಾಡಿದರೆ ಮುಂದೆ ಬರುವ ಸಣ್ಣ ಸರ್ವನಾಮಗಳೆಲ್ಲ ಅದಕ್ಕೆ ಹೊಂದಬೇಕು. ಸುಮಾ ಬರೆದಿದ್ದರು: ‘ಲೆ ಸ್ಕ್ರೀವೊ ಪೆರ್ ಇನ್ಫೊರ್ಮಾರ್ತಿ.’ ಕನ್ನಡದಲ್ಲಿ ಹೇಳುವುದಾದರೆ, ‘ನಿನಗೆ ತಿಳಿಸಲು ನಿಮಗೆ ಬರೆಯುತ್ತಿದ್ದೇನೆ.’ ಇಂಗ್ಲಿಷ್‌ನಲ್ಲಿ ಎರಡಕ್ಕೂ ಒಂದೇ ಪದ, ಅಲ್ಲಿ ನೋಡಿದರೆ ತಪ್ಪು ಕಾಣುವುದಿಲ್ಲ. ಕನ್ನಡಕ್ಕೆ ತಂದಾಗ ಅವರೇ ನಾಲಿಗೆ ಕಚ್ಚಿಕೊಂಡರು. ಬೇಕಿದ್ದದ್ದು ‘ಇನ್ಫೊರ್ಮಾರ್ಲಾ’.

ಆದರೆ ಈ ಕನ್ನಡಿಗೂ ಮಸಿ ಹಿಡಿದ ಜಾಗಗಳಿವೆ. ಇದನ್ನು ಹೇಳದಿದ್ದರೆ ಓದಿದವರು ಹೋಗಿ ಹಳ್ಳಕ್ಕೆ ಬೀಳುತ್ತಾರೆ. ‘ಆ ವರದಿ ಕಳಿಸಿದ್ರಾ?’ ಎಂದರೆ ನಾವು ‘ನಿನ್ನೆ ಕಳಿಸಿದೆ’ ಎನ್ನುತ್ತೇವೆ. ವರದಿ ಎಂಬುದು ಗಾಳಿಯಲ್ಲಿದೆ, ಮತ್ತೆ ಹೇಳುವುದಿಲ್ಲ. ಇಟಾಲಿಯನ್ ಬಿಡುವುದಿಲ್ಲ. ‘ಅದನ್ನು’ ಎಂಬುದು ಬರಲೇಬೇಕು, ಅದೂ ಕ್ರಿಯಾಪದದ ಮುಂದೆ ಅಂಟಿಕೊಂಡು, ಲಿಂಗಕ್ಕೆ ಹೊಂದಿಕೊಂಡು: ‘ಲೊ ಮಂದಾತಾ ಯೇರಿ.’ ಸುಮಾ ‘ಒ ಮಂದಾತೊ ಯೇರಿ’ ಎಂದೇ ಬರೆಯುತ್ತಿದ್ದರು. ಅರ್ಥವಾಗುತ್ತದೆ, ಕುಂಟುತ್ತದೆ. ‘ನೆ’, ‘ಚಿ’ ಎಂಬ ಚೋಟುದ್ದದ ಸರ್ವನಾಮಗಳನ್ನೂ ಇದೇ ಕಾರಣಕ್ಕೆ ಬಿಡುತ್ತಿದ್ದರು. ಇನ್ನು ನಾಮಪದದ ಮುಂದೆ, ಇಂಗ್ಲಿಷ್‌ನ ‘ದ’ (the) ಹಾಗೆ, ಬರುವ ‘ಇಲ್’, ‘ಲೊ’, ‘ಲಾ’ಗಳು ಕನ್ನಡದಲ್ಲಿ ಇಲ್ಲವೇ ಇಲ್ಲ. ಅಲ್ಲಿ ಕನ್ನಡಿ ಪೂರ್ತಿ ಕಪ್ಪು. ಬಾಯಿಪಾಠವೇ ಗತಿ.

ಎರಡು ವರ್ಷದ ಗಂಟು

ಎಲ್ಲಿ ಹೊಂದುತ್ತದೆ, ಎಲ್ಲಿ ಇಲ್ಲ ಎಂದು ಊಹೆಯಿಂದ ಹೇಳುವ ಬದಲು ಲೆಕ್ಕ ಹಿಡಿಯಬೇಕು ಅನಿಸಿತು. ಆಗ ನನಗೆ, ತುಂಬ ತಡವಾಗಿ, ಆ ಗೆಳತಿ ತಿದ್ದಿದ ಮೇಲ್‌ಗಳ ನೆನಪಾಯಿತು. ಕೇಳಿದೆ. ಎಲ್ಲವೂ ಮೇಲ್‌ಬಾಕ್ಸ್‌ನಲ್ಲೇ ಇದ್ದವು. ಸುಮಾ ಬರೆದದ್ದು ಒಂದು, ಅದರ ಕೆಳಗೆ ತಿದ್ದಿ ಕಳಿಸಿದ್ದು ಇನ್ನೊಂದು. ಎರಡು ವರ್ಷದ ಗಂಟು. ಅವರು ಒಂದು ದಿನವೂ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿರಲಿಲ್ಲ. ತಿದ್ದಿದ್ದನ್ನು ನಕಲು ಮಾಡಿ ಗ್ರಾಹಕರಿಗೆ ಕಳಿಸಿ ಕಣ್ಣು ಬೇರೆಡೆ ತಿರುಗಿಸಿಬಿಡುತ್ತಿದ್ದರು. ‘ನೋಡಕ್ಕೆ ನಾಚಿಕೆ ಆಗ್ತಿತ್ತು’ ಎಂದರು. ನಂಬುತ್ತೇನೆ. ನಲವತ್ತರ ನಂತರ ಕಲಿಯುವವರಿಗೆ ಶಬ್ದ ನೆನಪಿರುವುದಿಲ್ಲ ಎನ್ನುತ್ತಾರೆ. ನಾನು ಕಂಡ ಮಟ್ಟಿಗೆ, ಅದಕ್ಕಿಂತ ದೊಡ್ಡ ಅಡ್ಡಿ ಈ ನಾಚಿಕೆ. ಕಚೇರಿಯಲ್ಲಿ ಅನುಭವಿ ಎನಿಸಿಕೊಂಡವರು ಕಾಗದದ ಮೇಲೆ ಮಗುವಾಗಬೇಕು.

ಗ್ರಾಹಕರ ಹೆಸರು ಅಳಿಸಿ, ಅರವತ್ತಕ್ಕೂ ಹೆಚ್ಚು ಮೇಲ್‌ಗಳನ್ನು ಒಂದು ನೋಟ್‌ಬುಕ್‌ಗೆ ಎಡಕ್ಕೆ ಅವರದು, ಬಲಕ್ಕೆ ತಿದ್ದಿದ್ದು ಎಂದು ಕೈಯಲ್ಲಿ ಬರೆಸಿದೆ. ಪ್ರಿಂಟ್ ತೆಗೆದರೆ ಆಗುವುದಿಲ್ಲವೇ ಎಂದು ಕೇಳಿದರು. ಆಗುವುದಿಲ್ಲ ಎಂದೆ, ಅದಕ್ಕೆ ನನ್ನ ಹತ್ತಿರ ದೊಡ್ಡ ಸಿದ್ಧಾಂತವೇನೂ ಇಲ್ಲ. ಬರೆಯುವಾಗ ಕೈ ನಿಧಾನವಾಗುತ್ತದೆ, ನಿಧಾನವಾದಾಗ ಕಣ್ಣಿಗೆ ಬೀಳುತ್ತದೆ.

ಬಿದ್ದದ್ದು ನನಗೂ ಆಶ್ಚರ್ಯ. ಕೊಂಜುಂತಿವೊದ ತಪ್ಪುಗಳು ಬೆರಳೆಣಿಕೆಯಷ್ಟು. ನಾನು ತಿಂಗಳುಗಟ್ಟಲೆ ಅರೆದದ್ದು ಅದನ್ನೇ. ಗುಡ್ಡೆ ಬಿದ್ದಿದ್ದದ್ದು ಬಿಟ್ಟುಹೋದ ಚೋಟುದ್ದದ ಸರ್ವನಾಮಗಳು, ವಿಭಕ್ತಿಯ ಕೆಲಸ ಮಾಡುವ ‘ಆ’, ‘ದಿ’, ‘ದಾ’ಗಳು ಮತ್ತು ದನಿ. ದನಿ ಎಂದರೆ, ಬಲಗಡೆಯ ಕಾಲಮ್ಮಿನಲ್ಲಿ ಮತ್ತೆ ಮತ್ತೆ ಬಂದ ಈ ಒಂದು ಸಾಲಿನಂಥವು: ‘ರೆಸ್ತ್ಯಾಮೊ ಇನ್ ಅತ್ತೇಸಾ ದಿ ಉನ್ ಸೂವೊ ಕೊರ್ತೇಸೆ ರಿಸ್ಕೊಂತ್ರೊ.’ ತಮ್ಮ ಉತ್ತರದ ನಿರೀಕ್ಷೆಯಲ್ಲಿದ್ದೇವೆ ಎಂಬುದಕ್ಕೆ ಇಟಲಿಯ ಕಚೇರಿಗಳು ಬರೆಯುವ ಸಿದ್ಧ ಸಾಲು. ಇದರಲ್ಲಿ ಸೌಂದರ್ಯ ಇಲ್ಲ. ಆದರೆ ಇದು ಇರಬೇಕಾದ ಜಾಗದಲ್ಲಿ ‘ಮಿ ಅಸ್ಪೆತ್ತೊ’ ಇತ್ತು. ನೋಟರಿಯ ಭಾಷೆಯೂ ಅಲ್ಲದ, ಅಡುಗೆಮನೆಯ ಭಾಷೆಯೂ ಅಲ್ಲದ ಒಂದು ನಡುದನಿ ಆ ಬಲಗಡೆಯ ಪುಟಗಳಲ್ಲಿತ್ತು. ಅದನ್ನು ನಾನು ಕಲಿಸಿ ಕೊಡಬಲ್ಲವಳಾಗಿರಲಿಲ್ಲ. ಆ ಗೆಳತಿಗೆ ಅದು ತಾನಾಗಿ ಬರುತ್ತಿತ್ತು.

ಅಲ್ಲಿಂದ ಪಾಠದ ಕ್ರಮ ಬದಲಾಯಿತು. ಬಲಗಡೆಯ ಒಂದು ಮೇಲ್ ಎರಡು ಸಲ ಓದುವುದು, ಮುಚ್ಚುವುದು, ನೆನಪಿನಿಂದ ಬರೆಯುವುದು, ತೆರೆದು ಹೋಲಿಸುವುದು. ದಿನಕ್ಕೆ ಒಂದೇ. ಹದಿನೈದು ನಿಮಿಷ.

ಇನ್ನೊಂದು ಪ್ರಯೋಗ ಮೊದಲು ಕೆಟ್ಟಿತು. ಹುಮ್ಮಸ್ಸಿನಲ್ಲಿ ಸುಮಾ ವಿಭಾಗದ ಎಲ್ಲರಿಗೂ ‘ನಾನು ಮಾತಾಡುವಾಗ ತಪ್ಪಿದರೆ ತಿದ್ದಿ’ ಎಂದು ಕೇಳಿಕೊಂಡರು. ಮೂರು ದಿನ ತಿದ್ದಿದರು. ಮೀಟಿಂಗ್‌ನಲ್ಲಿ ಒಂದು ವಾಕ್ಯ ಮುಗಿಸುವಷ್ಟರಲ್ಲಿ ಇಬ್ಬರು ಎರಡು ರೀತಿ ತಿದ್ದಿ, ತಮ್ಮತಮ್ಮಲ್ಲೇ ಯಾವುದು ಸರಿ ಎಂದು ವಾದಕ್ಕಿಳಿದರು. ಯಂತ್ರದ ಮಾತು ಮೂಲೆ ಸೇರಿತು. ಒಂದು ವಾರದಲ್ಲಿ ತಿದ್ದುವವರಿಗೂ ಬೇಸರ ಬಂತು, ಸುಮಾ ಮೀಟಿಂಗ್‌ನಲ್ಲಿ ಬಾಯಿ ಬಿಡುವುದನ್ನೇ ನಿಲ್ಲಿಸಿದರು. ಅದು ನಿಜಕ್ಕೂ ಕೆಟ್ಟ ಹದಿನೈದು ದಿನ.

ಆಮೇಲೆ ಕೇಳುವುದನ್ನು ಚಿಕ್ಕದು ಮಾಡಿಕೊಂಡೆವು. ಒಬ್ಬಳೇ ಗೆಳತಿ, ಒಂದು ತಿಂಗಳು, ಒಂದೇ ವಿಷಯ. ಮೊದಲ ತಿಂಗಳು ಬಿಟ್ಟುಹೋದ ಸರ್ವನಾಮ ಮಾತ್ರ. ಬೇರೆ ಏನು ತಪ್ಪಿದರೂ ಸುಮ್ಮನಿರಬೇಕು. ಅದೂ ಮಾತಿನ ನಡುವೆ ಬೇಡ. ಗೆಳತಿ ಪೆನ್ನಿನಿಂದ ಮೇಜನ್ನು ಒಮ್ಮೆ ತಟ್ಟುತ್ತಿದ್ದಳು, ಅಷ್ಟೇ. ಸುಮಾ ತಾವೇ ಹುಡುಕಿ ವಾಕ್ಯ ಸರಿಮಾಡಬೇಕು. ತಿಂಗಳ ಕೊನೆಗೆ ತಟ್ಟುವುದು ಕಡಿಮೆಯಾಯಿತು ಎಂದು ಇಬ್ಬರೂ ಹೇಳಿದರು. ಎರಡನೇ ತಿಂಗಳು ವಿಭಕ್ತಿ. ಅದು ಅಷ್ಟು ಸಲೀಸಾಗಿ ಹೋಗಲಿಲ್ಲ.

ಆದದ್ದು

ಬರವಣಿಗೆಯ ಭಾಗವನ್ನು ಸುಮಾ ಅವಧಿಯೊಳಗೆ ಮತ್ತೆ ಬರೆದರು. 14 ಬಂತು. ಸಿ1 ಪ್ರಮಾಣಪತ್ರ ಕೈಸೇರಿತು. ಅವರು ಅದನ್ನು ಫೋಟೊ ತೆಗೆದು ನನಗೆ ಕಳಿಸಿದ್ದು ಬಿಟ್ಟರೆ ಕಚೇರಿಯಲ್ಲಿ ಯಾರಿಗೂ ತೋರಿಸಿದ ಹಾಗಿಲ್ಲ. ಕಚೇರಿಯಲ್ಲಿ ಲೆಕ್ಕಕ್ಕೆ ಬಂದದ್ದು ಬೇರೆ. ಮೇಲ್‌ಗಳನ್ನು ತೋರಿಸಿ ಕಳಿಸುವ ವ್ಯವಸ್ಥೆ ನಿಂತಿತು. ಯಾರೂ ಘೋಷಿಸಲಿಲ್ಲ. ಗೆಳತಿ ರಜೆಗೆ ಹೋದ ಮೂರು ವಾರ ಸುಮಾ ಒಬ್ಬರೇ ಕಳಿಸಿದರು, ಅವಳು ಬಂದ ಮೇಲೆ ಮತ್ತೆ ಶುರುಮಾಡುವ ನೆನಪು ಇಬ್ಬರಿಗೂ ಬರಲಿಲ್ಲ.

‘ಇಲ್’, ‘ಲಾ’ಗಳು ಇನ್ನೂ ಕೈಕೊಡುತ್ತವೆ. ಫೋನಿನಲ್ಲಿ ಗ್ರಾಹಕರು ಸಿಟ್ಟಾದರೆ ವಾಕ್ಯಗಳು ಮತ್ತೆ ಬಿ2ಗೆ ಇಳಿಯುತ್ತವೆ ಎಂದು ಅವರೇ ಹೇಳುತ್ತಾರೆ. ಊಟದ ಹೊತ್ತಿನಲ್ಲಿ ಹಿರಿಯ ಕೆಲಸಗಾರರು ಆ ಭಾಗದ ಉಪಭಾಷೆಗೆ ಹೊರಳಿದರೆ ಸುಮಾ ಇವತ್ತಿಗೂ ಹೊರಗಿನವರೇ. ಅದಕ್ಕೆ ಯಾವ ಪರೀಕ್ಷೆಯೂ ಇಲ್ಲ.

ಕಳೆದ ತಿಂಗಳು ಒಂದು ಮೀಟಿಂಗ್‌ನ ಸುದ್ದಿ ಹೇಳಿದರು. ಮ್ಯಾನೇಜರ್, ಹೊಸ ಬಿಡಿಭಾಗವನ್ನು ಒಬ್ಬ ಪೂರೈಕೆದಾರರಿಂದ ‘ಪ್ಯುತ್ತೊಸ್ತೊ ಕೆ’ ಇನ್ನೊಬ್ಬರಿಂದ ತರಿಸಬಹುದು ಎಂದರಂತೆ. ಆ ಮಾತಿನ ಸರಿಯಾದ ಅರ್ಥ ‘ಬದಲಿಗೆ’. ಉತ್ತರ ಇಟಲಿಯಿಂದ ಹಬ್ಬಿದ ಒಂದು ಚಾಳಿಯಲ್ಲಿ ಜನ ಅದನ್ನು ‘ಅಥವಾ’ ಎಂದು ಬಳಸುತ್ತಾರೆ. ಫ್ಲಾರೆನ್ಸ್‌ನಲ್ಲಿ 1583ರಿಂದ ಭಾಷೆಯ ಕಾವಲು ಕಾಯುತ್ತಿರುವ ಕ್ರುಸ್ಕಾ ಅಕಾಡೆಮಿ ಈ ಬಳಕೆ ಬೇಡವೆಂದು ಹೇಳುತ್ತಲೇ ಇದೆ. ಮೊದಲಾಗಿದ್ದರೆ ಸುಮಾ ತನಗೇ ಅರ್ಥವಾಗಲಿಲ್ಲ ಎಂದುಕೊಂಡು ಸುಮ್ಮನಾಗುತ್ತಿದ್ದರು. ಈ ಸಲ ಕೈ ಎತ್ತಿ, ‘ಕ್ಷಮಿಸಿ, ಅವರಿಂದ ಅಥವಾ ಇವರಿಂದ ಎಂದೋ, ಇವರನ್ನು ಬಿಟ್ಟು ಅವರಿಂದ ಎಂದೋ?’ ಎಂದು ಕೇಳಿದರು.

ಮ್ಯಾನೇಜರ್ ಬಾಯಿ ತೆರೆದು, ಮುಚ್ಚಿ, ಯೋಚಿಸತೊಡಗಿದರು. ಪಕ್ಕದಲ್ಲಿ ಪೆನ್ನಿನಿಂದ ಮೇಜು ತಟ್ಟಿದ ಸದ್ದು ಕೇಳಿಸಿತಂತೆ. ಈ ಸಲ ತಟ್ಟಿದ್ದು ಮ್ಯಾನೇಜರ್‌ಗೆ.